ಹನ್ನೆರಡು ಅಂತಸ್ತಿನ ಕಟ್ಟಡಕ್ಕೆ ಚೀನೀ ಮಸಿ

ಸಿಂಗಪುರದಲ್ಲಿ ಚೀನೀ ಮಸಿಚಿತ್ರ ಕಲಿಯುವವರಿಗೆ ನಗರವನ್ನು ಬರೆಯುವ ಆಸೆ ಹುಟ್ಟಿದರೆ ಮೊದಲು ಕಣ್ಣಿಗೆ ಬೀಳುವುದು ಹಳೆಯ ಅಂಗಡಿಮನೆಗಳೇ. ಹೆಂಚಿನ ಮಾಡು, ಮರದ ಪಟ್ಟಿಗಳ ಕಿಟಕಿ, ಸಾಲುಮನೆಗಳ ಮುಂದೆ ತಡೆಯಿಲ್ಲದೆ ಸಾಗುವ ಐದಡಿ ಅಗಲದ ಜಗಲಿ, ಇವೆಲ್ಲ ಕುಂಚಕ್ಕೆ ಸಲೀಸಾಗಿ ಒಲಿಯುತ್ತವೆ. 2025ರ ಫೆಬ್ರವರಿಯಲ್ಲಿ ತಮ್ಮ 103ನೆಯ ವಯಸ್ಸಿನಲ್ಲಿ ತೀರಿಕೊಂಡ ಲಿಮ್ ಟ್ಸೆ ಪೆಂಗ್ ಅವರು ಸಿಂಗಪುರ ನದಿಯ ದಂಡೆಯಲ್ಲಿ, ಚೈನಾಟೌನಿನ ಬೀದಿಗಳಲ್ಲಿ ಕುಳಿತು ಬರೆದ ಚಿತ್ರಗಳು ಈ ದಾರಿಯನ್ನು ಗಟ್ಟಿ ಮಾಡಿದವು. 1977ರಲ್ಲಿ ನದಿಯ ಶುದ್ಧೀಕರಣ ಆರಂಭವಾಗಿ, 1983ರಲ್ಲಿ ಸರಕು ದೋಣಿಗಳನ್ನೆಲ್ಲ ಪಾಸಿರ್ ಪಾಂಜಾಂಗ್‌ಗೆ ಸಾಗಹಾಕಿದ ಕಾಲವದು. ಕಣ್ಣೆದುರೇ ಮರೆಯಾಗುತ್ತಿದ್ದುದನ್ನು ಅವರು ಸ್ಥಳದಲ್ಲೇ ಕಾಗದಕ್ಕಿಳಿಸಿದರು. ಚುವಾ ಎಕ್ ಕೇ ಅವರದು ಇನ್ನೂ ಅಂತರ್ಮುಖಿಯಾದ ಬಗೆ. 1991ರಲ್ಲಿ ಯುಓಬಿ ಬ್ಯಾಂಕಿನ ವರ್ಷದ ಚಿತ್ರ ಪ್ರಶಸ್ತಿಯನ್ನು ಪಡೆದ ಮೊದಲ ಚೀನೀ ಮಸಿ ಕಲಾವಿದರಾದ ಅವರು, ಹಳೆಯ ಬೀದಿಗಳ ಗೋಡೆಯನ್ನೂ ನೆರಳನ್ನೂ ಬರೆಯುತ್ತ ಬರೆಯುತ್ತ ಬಹುತೇಕ ಅಮೂರ್ತದ ಅಂಚಿಗೆ ಒಯ್ದರು.

ಈ ಇಬ್ಬರ ಮೇಲೂ ನನಗೆ ಗೌರವವಿದೆ. ಆದರೆ ಅವರ ಹಿಂದೆ ಬಂದ ಅನೇಕರ ಕೈಯಲ್ಲಿ ಅಂಗಡಿಮನೆಯೆಂಬುದು ಕ್ಯಾಲೆಂಡರಿನ ಚಿತ್ರವಾಗಿಬಿಟ್ಟಿದೆ. ಈ ದೇಶದ ನಿವಾಸಿಗಳಲ್ಲಿ ನಾಲ್ಕರಲ್ಲಿ ಮೂರು ಪಾಲಿಗೂ ಹೆಚ್ಚು ಜನ ವಾಸಿಸುವುದು 1960ರಲ್ಲಿ ಸ್ಥಾಪನೆಯಾದ ವಸತಿ ಮಂಡಳಿ, ಅಂದರೆ ಎಚ್‌ಡಿಬಿ, ಕಟ್ಟಿದ ಕಾಂಕ್ರೀಟ್ ಕಟ್ಟಡಗಳಲ್ಲಿ. ಮಸಿಚಿತ್ರಗಳಲ್ಲಿ ಮಾತ್ರ ಅವು ಅಪರೂಪ. ನಾನೂ ಅಂಥದೇ ಒಂದು ಕಟ್ಟಡದಲ್ಲಿ, ತೊವಾ ಪಾಯೊ ಬಡಾವಣೆಯಲ್ಲಿ ಇರುವವನು. ಉದ್ಯೋಗದಿಂದ ಕಟ್ಟಡಗಳ ರಚನಾ ಇಂಜಿನಿಯರ್. ನಮ್ಮ ಓಣಿಯ ತುದಿಯಲ್ಲಿ ನಿಂತರೆ ಓರೆಯಾಗಿ ಕಾಣುವ ಎದುರಿನ ಹನ್ನೆರಡು ಅಂತಸ್ತಿನ ಕಟ್ಟಡದ ಹಿಂಬದಿಯನ್ನು, ಅದರ ಅಡುಗೆಮನೆಯ ಕಿಟಕಿಗಳಿಂದ ಹೊರಚಾಚಿದ ಬಿದಿರು ಗಳುಗಳ ಮೇಲೆ ಒಣಗುವ ಬಟ್ಟೆಗಳ ಸಮೇತ, ಚೀನೀ ಮಸಿಯಲ್ಲಿ ಬರೆಯಬೇಕೆಂದು ಹೊರಟಾಗ ಏನೇನು ಎದುರಾಯಿತು ಎಂಬುದೇ ಈ ಬರಹದ ವಿಷಯ.

ಬಡಾವಣೆಯ ಸಮುದಾಯ ಕೇಂದ್ರದಲ್ಲಿ ವಾರಾಂತ್ಯಕ್ಕೆ ನಡೆಯುವ ತರಗತಿಗೆ ನಾನು ಸೇರಿ ಆಗಲೇ ಕೆಲವು ವರ್ಷಗಳಾಗಿದ್ದವು. ಪಾಠ ಹೇಳುವವರು ನಿವೃತ್ತ ಶಾಲಾ ಶಿಕ್ಷಕಿ. ನಾವೆಲ್ಲ ಅವರನ್ನು ಲಾವ್‌ಶಿ, ಅಂದರೆ ಚೀನೀ ಭಾಷೆಯಲ್ಲಿ ಗುರುಗಳು, ಎಂದೇ ಕರೆಯುತ್ತೇವೆ. ಅವರು ನನ್ನನ್ನು ಇಂಜಿನಿಯರ್ ಎನ್ನುತ್ತಾರೆ, ಅದರಲ್ಲಿ ಅರ್ಧ ಅಕ್ಕರೆ, ಅರ್ಧ ಎಚ್ಚರಿಕೆ. ಬಿದಿರು, ಮರದ ಕಾಂಡ, ಬಂಡೆ, ನೀರು ಎಂಬ ಕ್ರಮದಲ್ಲಿ ಕಲಿಸುವ ಅವರ ಮುಂದೆ ನಾನು ಕಟ್ಟಡದ ಮಾತೆತ್ತಿದಾಗ ಅವರು ಬೇಡವೆನ್ನಲಿಲ್ಲ. "ಬರೆಯಿರಿ. ಆದರೆ ಆಫೀಸಿನ ಕೈಯನ್ನು ಆಫೀಸಿನಲ್ಲೇ ಬಿಟ್ಟು ಬನ್ನಿ" ಎಂದರು.

ಸಾಮಗ್ರಿಯ ಆಯ್ಕೆಯಲ್ಲೇ ಅರ್ಧ ಚಿತ್ರ ನಿರ್ಧಾರವಾಗುತ್ತದೆ ಎಂಬುದು ಈ ಕೆಲಸಕ್ಕೆ ಇಳಿದ ಮೇಲೆ ನನಗೆ ಮನವರಿಕೆಯಾಯಿತು. ಕಾಗದದಲ್ಲಿ ಮುಖ್ಯವಾಗಿ ಎರಡು ಬಗೆ. ಆನ್‌ಹುಯಿ ಪ್ರಾಂತ್ಯದ ಜಿಂಗ್ ಕೌಂಟಿಯಲ್ಲಿ ಚಿಂಗ್‌ತಾನ್ ಎಂಬ ಮರದ ತೊಗಟೆಯ ನಾರನ್ನೂ ಭತ್ತದ ಹುಲ್ಲನ್ನೂ ಸೇರಿಸಿ ತಯಾರಿಸುವ ಶುಯೆನ್ ಕಾಗದವನ್ನು ಹಾಗೆಯೇ ಕಚ್ಚಾ ರೂಪದಲ್ಲಿ ಬಳಸಬಹುದು, ಇಲ್ಲವೇ ಪಟಿಕ ಮತ್ತು ಅಂಟು ಸವರಿದ್ದನ್ನು ಬಳಸಬಹುದು. ಈ ಕಾಗದ ತಯಾರಿಕೆಯ ಕೌಶಲವನ್ನು ಯುನೆಸ್ಕೊ 2009ರಲ್ಲಿ ತನ್ನ ಪಾರಂಪರಿಕ ಪಟ್ಟಿಗೆ ಸೇರಿಸಿದೆ. ಪಟಿಕ ಸವರಿದ ಕಾಗದದಲ್ಲಿ ಮಸಿ ಹರಡುವುದಿಲ್ಲ. ಹೀಗಾಗಿ ಸೂಕ್ಷ್ಮ ಗೆರೆಗಳಿಗೆ, ಕಟ್ಟಡದಂಥ ವಸ್ತುವಿಗೆ ಅದೇ ಸುರಕ್ಷಿತ. ಕಚ್ಚಾ ಕಾಗದವಾದರೋ ಕುಂಚ ಸೋಕಿದೊಡನೆ ಹೀರಿಕೊಳ್ಳುತ್ತದೆ, ಕ್ಷಣ ತಡೆದು ನಿಂತರೂ ಗೆರೆ ಉಬ್ಬಿಕೊಳ್ಳುತ್ತದೆ, ಒಮ್ಮೆ ಬಿದ್ದ ಮಸಿಯನ್ನು ಯಾವ ಉಪಾಯದಿಂದಲೂ ತೆಗೆಯಲಾಗುವುದಿಲ್ಲ. ನಾನು ಕಚ್ಚಾ ಕಾಗದವನ್ನೇ ತೆಗೆದುಕೊಂಡೆ. ಸಿಂಗಪುರದ ಗೋಡೆಗಳು ಮಳೆ ಕುಡಿದ ಗೋಡೆಗಳು. ಪಾವಸೆಯ ಕಲೆಯೂ ತೇವದ ಜಾಡೂ ಕಾಗದದೊಳಗೇ ಇಳಿಯಬೇಕಾದರೆ ಕುಡಿಯುವ ಕಾಗದವೇ ಬೇಕು ಎಂಬುದು ನನ್ನ ಎಣಿಕೆಯಾಗಿತ್ತು. ಅಳತೆ ಸಾಂಪ್ರದಾಯಿಕವಾದ ನಾಲ್ಕು ಚೀನೀ ಅಡಿಯ ಹಾಳೆ, ಅಂದರೆ 69 ಸೆಂ.ಮೀ. ಅಗಲ, 138 ಸೆಂ.ಮೀ. ಉದ್ದ. ಇವೆಲ್ಲ ಬ್ರಾಸ್ ಬಸಾ ಕಾಂಪ್ಲೆಕ್ಸಿನ ಅಂಗಡಿಗಳಲ್ಲಿ ಸಿಗುತ್ತವೆ. ಅಲ್ಲಿ ಕಾಗದವನ್ನು ಬೆಳಕಿಗೆ ಹಿಡಿದು ನೋಡುತ್ತ ಮಧ್ಯಾಹ್ನ ಕಳೆಯುವವರಲ್ಲಿ ನಾನೂ ಒಬ್ಬ.

ಮಸಿಯಲ್ಲೂ ಆಯ್ಕೆಯಿದೆ. ಎಣ್ಣೆ ಉರಿಸಿದ ಕಾಡಿಗೆಯಿಂದ ಮಾಡಿದ ಮಸಿಕಡ್ಡಿ ಹೊಳಪಿನದು, ತುಸು ಬೆಚ್ಚನೆಯ ಕಪ್ಪು. ಪೈನ್ ಮರ ಸುಟ್ಟ ಕಾಡಿಗೆಯದು ಹೊಳಪಿಲ್ಲದ್ದು, ನೀರು ಸೇರಿಸಿದಷ್ಟೂ ನೀಲಿಯತ್ತ ವಾಲುವಂಥದು. ಎರಡಕ್ಕೂ ಪ್ರಾಣಿಜನ್ಯ ಅಂಟನ್ನು ಕಲಸಿ, ಕುಟ್ಟಿ, ಅಚ್ಚಿಗೆ ಒತ್ತಿ ಒಣಗಿಸಿರುತ್ತಾರೆ. ನಮ್ಮ ಮನೆಗಳಲ್ಲಿ ಸಾಣೆಕಲ್ಲಿನ ಮೇಲೆ ಗಂಧ ತೇಯುವಂತೆಯೇ ಕಲ್ಲಿನ ಮೇಲೆ ಹನಿ ನೀರು ಬಿಟ್ಟು, ಅವಸರವಿಲ್ಲದೆ, ಒತ್ತಡವಿಲ್ಲದೆ ಇದನ್ನು ತೇಯಬೇಕು. ಬಾಟಲಿ ಮಸಿ ಬಳಸುವುದರಲ್ಲಿ ತಪ್ಪೇನಿಲ್ಲ, ದಿನದ ಅಭ್ಯಾಸಕ್ಕೆ ನಾನೂ ಅದನ್ನೇ ಬಳಸುತ್ತೇನೆ. ಆದರೆ ಅದನ್ನು ತೆಳುವಾಗಿಸಿದಾಗ ಬೂದುಬಣ್ಣ ಸತ್ತಂತೆ ಕಾಣುತ್ತದೆ, ತೇಯ್ದ ಮಸಿಯ ತೆಳುವಿನಲ್ಲಿ ಒಂದು ತಿಳಿ ಉಳಿಯುತ್ತದೆ. ಈ ಚಿತ್ರಕ್ಕೆ ಹತ್ತಿರದ ಮರಗಳಿಗೆ ಎಣ್ಣೆಮಸಿ, ಮಳೆ ನಿಂತ ಮೇಲಿನ ದೂರದ ಮಬ್ಬಿಗೆ ಪೈನ್ ಮಸಿ ಎಂದು ಎರಡು ಕಲ್ಲುಗಳನ್ನು ಬೇರೆಬೇರೆ ಇಟ್ಟುಕೊಂಡೆ.

ಮೊದಲ ದೊಡ್ಡ ತೊಡಕು ನೇರ ಗೆರೆಯದು. ಚೀನಾದಲ್ಲಿ ಕಟ್ಟಡಗಳನ್ನು ಬರೆಯಲು ಜಿಯೆಹುವಾ ಎಂಬ ಪದ್ಧತಿಯೇ ಇದೆ. ಅದರಲ್ಲಿ ಅಳತೆಪಟ್ಟಿಯ ಅಂಚಿಗೆ ಒಂದು ಕಡ್ಡಿಯನ್ನು ಆನಿಸಿ, ಅದರ ಜೊತೆಗೆ ಕುಂಚವನ್ನು ಹಿಡಿದು ಜಾರಿಸುತ್ತ ಗೆರೆ ಎಳೆಯುತ್ತಾರೆ. ಉತ್ತರ ಸೋಂಗ್ ಅರಸರ ಕಾಲದ ಚಿತ್ರಕಾರ ಝಾಂಗ್ ಜೆದುವಾನ್ ರಾಜಧಾನಿಯ ನದಿದಂಡೆಯನ್ನು ಬರೆದ, ಈಗ ಬೀಜಿಂಗ್‌ನ ಅರಮನೆ ವಸ್ತುಸಂಗ್ರಹಾಲಯದಲ್ಲಿರುವ ಸುರುಳಿ ಐದು ಮೀಟರಿಗೂ ಉದ್ದವಿದ್ದರೂ ಎತ್ತರ ಬರೀ 24.8 ಸೆಂ.ಮೀ.; ಸೇತುವೆ, ದೋಣಿ, ಅಂಗಡಿ, ಮಾಡುಗಳೆಲ್ಲ ಅದರಲ್ಲಿ ಎಷ್ಟು ನಿಖರವಾಗಿವೆಯೆಂದರೆ ಬಡಗಿಯೊಬ್ಬ ನೋಡಿ ಕಟ್ಟಬಹುದೆನಿಸುತ್ತದೆ. ಹಾಗಾಗಿ, ನಗರವು ಮಸಿಗೆ ಹೊಸ ವಸ್ತುವೆಂದು ಹೇಳುವವರ ಮಾತನ್ನು ನಾನು ಒಪ್ಪುವುದಿಲ್ಲ. ಆದರೂ ನನ್ನ ಕೈಗೆ ಪಟ್ಟಿ ಸಿಕ್ಕರೆ ಅದು ಕಚೇರಿಯ ನಕ್ಷೆಯಾಗುವುದು ಖಚಿತವೆಂದು ಲಾವ್‌ಶಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು.

ಹೀಗಾಗಿ ಪಟ್ಟಿಯಿಲ್ಲದೆ ಉದ್ದ ಗೆರೆ ಎಳೆಯುವ ಅಭ್ಯಾಸ ನಡೆಯಿತು. ಕುಂಚ ನೆಟ್ಟಗೆ ನಿಂತಿರಬೇಕು, ಕೂದಲಿನ ತುದಿ ಗೆರೆಯ ನಡುವಿನಲ್ಲೇ ಸಾಗಬೇಕು, ಮಣಿಕಟ್ಟು ಮೇಜಿಗೆ ತಾಗಬಾರದು, ಚಲನೆ ಭುಜದಿಂದ ಬರಬೇಕು. ಆಡಿನ ಕೂದಲಿನ ಕುಂಚ ಬಹಳ ಮೃದು, ನೀರನ್ನು ಹೆಚ್ಚು ಹಿಡಿಯುತ್ತದೆ. ತೋಳದ ಕೂದಲೆಂದು ಕರೆದು ಮಾರುವ, ವಾಸ್ತವದಲ್ಲಿ ಮುಂಗುಸಿ ಗಾತ್ರದ ಇನ್ನೊಂದು ಸಣ್ಣ ಪ್ರಾಣಿಯ ಬಾಲದ ಕೂದಲಿನ ಕುಂಚ ಬಿರುಸು, ಚಿಮ್ಮುವ ಗುಣದ್ದು. ಕಟ್ಟಡದ ಮೂಲೆಗೆ ಎರಡನೆಯದನ್ನು ಹಿಡಿದೆ. ನಿಧಾನವಾಗಿ ಎಳೆದರೆ ಗೆರೆ ಬಾಯುತ್ತದೆ, ವೇಗವಾಗಿ ಎಳೆದರೆ ಮಸಿ ಒಡೆದು ನಡುನಡುವೆ ಕಾಗದದ ಬಿಳಿ ಇಣುಕುತ್ತದೆ. ಹನ್ನೆರಡು ಅಂತಸ್ತಿನ ಎತ್ತರವನ್ನು ಒಂದೇ ಉಸಿರಿಗೆ ಎಳೆಯಬೇಕೆಂಬ ಹಟವನ್ನು ಲಾವ್‌ಶಿಯೇ ಬಿಡಿಸಿದರು. ಗೆರೆ ಕಡಿದರೂ ಅದರ ಭಾವ ಕಡಿಯಬಾರದು ಎಂಬುದು ಚೀನೀ ಕುಂಚಗಾರಿಕೆಯಲ್ಲಿ ಬಹಳ ಹಳೆಯ ಮಾತು. ಅದರಂತೆ ಮೂಲೆಯ ಗೆರೆಯನ್ನು ಮೂರು ಕಡೆ ನಿಲ್ಲಿಸಿ, ಅಲ್ಲಲ್ಲಿ ಬಿಸಿಲಿಗೆ ಬಿಟ್ಟು ಮುಂದುವರಿಸಿದಾಗ ಕಟ್ಟಡ ಮೊದಲ ಬಾರಿಗೆ ನಿಂತಿತು. ಕಡಿಯದ ಗೆರೆಯಲ್ಲಿ ಅದು ಬರೀ ಚೌಕಟ್ಟಾಗಿತ್ತು.

ನೋಟದ ಬಿಂದು ಎಲ್ಲಿರಬೇಕೆಂಬ ಪ್ರಶ್ನೆ ನನ್ನಂಥವನಿಗೆ ಸುಲಭದ್ದಾಗಿರಲಿಲ್ಲ. ಗೆರೆಗಳೆಲ್ಲ ದೂರದಲ್ಲಿ ಒಂದೆಡೆ ಕೂಡಬೇಕೆಂಬ ನಿಯಮದಲ್ಲೇ ನಾನು ಕಣ್ಣು ತೆರೆದವನು. ಹನ್ನೊಂದನೆಯ ಶತಮಾನದ ಗುವೊ ಶಿ ಮಾತ್ರ ಬೆಟ್ಟಗಳಿಗೆ ಮೂರು ಬಗೆಯ ದೂರಗಳನ್ನು ಹೇಳಿದ್ದಾನೆ: ಬುಡದಲ್ಲಿ ನಿಂತು ಶಿಖರವನ್ನು ನೋಡುವ ಎತ್ತರದ ದೂರ, ಮುಂದಿನ ಬೆಟ್ಟದಿಂದ ಹಿಂದಿನದನ್ನು ಇಣುಕುವ ಆಳದ ದೂರ, ಹತ್ತಿರದ ಬೆಟ್ಟದಿಂದ ದೂರದ ಬೆಟ್ಟಗಳತ್ತ ದೃಷ್ಟಿ ಹಾಯಿಸುವ ಸಮತಟ್ಟಾದ ದೂರ. ಒಂದೇ ಚಿತ್ರದಲ್ಲಿ ಮೂರೂ ಇರಬಹುದು. ನೋಡುಗ ನಿಂತಲ್ಲೇ ನಿಲ್ಲದೆ ಓಡಾಡುತ್ತಾನೆ ಎಂಬುದು ಈ ಬಗೆಯ ಚಿತ್ರಣ ಒಪ್ಪಿಕೊಂಡ ಸಂಗತಿ. ಇದನ್ನು ನಮ್ಮ ಬಡಾವಣೆಗೆ ಹೊಂದಿಸಿ ನೋಡಿದಾಗ, ಇಲ್ಲಿನ ಜನರ ದಿನದ ನೋಟವೂ ಹೀಗೆಯೇ ಇದೆ ಎನಿಸಿತು. ನೆಲಮಟ್ಟದಲ್ಲಿ ಮನೆಗಳಿಲ್ಲದೆ ಕಂಬಗಳ ಮೇಲೆ ತೆರೆದಿಟ್ಟ ಅಂಗಳದಿಂದ ಒಂದರ ಹಿಂದೊಂದು ಕಟ್ಟಡ ಇಣುಕುತ್ತದೆ. ಅಲ್ಲೇ ಕತ್ತೆತ್ತಿದರೆ ಹನ್ನೆರಡನೆಯ ಅಂತಸ್ತು. ಲಿಫ್ಟಿನಲ್ಲಿ ಮೇಲೇರಿ ಓಣಿಗೆ ಬಂದರೆ ಛಾವಣಿಗಳಾಚೆಗಿನ ಬಯಲು ಆಕಾಶ. ಕೆಳಗಿನ ಮೂರನೆಯ ಒಂದು ಭಾಗವನ್ನು ಅಂಗಳದಲ್ಲಿ ನಿಂತು ನೋಡಿದಂತೆ, ನಡುವಿನದನ್ನು ನಮ್ಮ ಓಣಿಯಿಂದ ನೋಡಿದಂತೆ, ಮೇಲಿನದನ್ನು ಛಾವಣಿಗೂ ಮೇಲಿನಿಂದ ನೋಡಿದಂತೆ ಹೊಂದಿಸಿದೆ. ಮೂರನ್ನೂ ಬೆಸೆಯುವ ಕೆಲಸವನ್ನು ಮಬ್ಬು ಮಾಡಬೇಕಿತ್ತು. ಕಚೇರಿಯಲ್ಲಿ ಇಂಥ ನಕ್ಷೆ ಕೊಟ್ಟಿದ್ದರೆ ನನ್ನನ್ನು ರಜೆಯ ಮೇಲೆ ಕಳಿಸುತ್ತಿದ್ದರು.

ಇನ್ನು ಕಿಟಕಿಗಳು. ಇಡೀ ಕೆಲಸದ ತಿರುಳು ಇಲ್ಲಿಯೇ ಇತ್ತೆಂದು ಈಗ ಅನಿಸುತ್ತದೆ. ಅಂತಸ್ತಿಗೆ ಎಷ್ಟೊಂದು ಕಿಟಕಿ, ಅಂಥ ಹನ್ನೆರಡು ಸಾಲು. ಎಲ್ಲವನ್ನೂ ಬರೆದರೆ ಚಿತ್ರ ಕೋಷ್ಟಕವಾಗುತ್ತದೆ, ಬಿಟ್ಟರೆ ಕಟ್ಟಡ ಬಂಡೆಯಾಗುತ್ತದೆ. ಪರಂಪರೆಯಲ್ಲಿ ಬಂಡೆಯ ಮೈಯನ್ನು ತೋರಿಸಲು ತ್ಸುನ್ ಎಂಬ ಗೆರೆಗಳ ವರ್ಗಗಳೇ ಇವೆ. ದಕ್ಷಿಣದ ಮಣ್ಣುಗುಡ್ಡಗಳಿಗೆ ಸೆಣಬಿನ ಎಳೆ ಹರವಿದಂಥ ಉದ್ದ ಗೆರೆ, ಕಡಿದಾದ ಬಂಡೆಗಳಿಗೆ ಕೊಡಲಿಯ ಏಟಿನಂಥ ಅಡ್ಡ ಹೊಡೆತ, ಹೀಗೆ. ಕಾಂಕ್ರೀಟಿಗೆ ಅಂಥ ಗೆರೆಯನ್ನು ಯಾರೂ ಹೇಳಿಕೊಟ್ಟಿಲ್ಲ. ಆ ದಿನಗಳಲ್ಲಿ ನಾನು ನ್ಯಾಷನಲ್ ಗ್ಯಾಲರಿಗೆ ಮತ್ತೆ ಮತ್ತೆ ಹೋಗಿ ನೋಡುತ್ತಿದ್ದುದು ವೂ ಗುವಾನ್‌ಝೋಂಗ್ ಅವರ ಚಿತ್ರಗಳನ್ನು. 2008ರಲ್ಲಿ ಅವರು ತಮ್ಮ 113 ಕೃತಿಗಳನ್ನು ಸಿಂಗಪುರಕ್ಕೆ ದಾನವಾಗಿ ಕೊಟ್ಟಿದ್ದಾರೆ. ಚಿತ್ರದಿಂದ ಬೇರ್ಪಡಿಸಿ ನೋಡಿದರೆ ಕುಂಚ ಮತ್ತು ಮಸಿಯ ಬೆಲೆ ಸೊನ್ನೆ ಎಂದು 1990ರ ದಶಕದಲ್ಲಿ ಬರೆದು ಸಂಪ್ರದಾಯಸ್ಥರ ಕೋಪಕ್ಕೆ ಗುರಿಯಾದವರು ಅವರು. ಯಾಂಗ್‌ತ್ಸೆ ನದಿಯ ದಕ್ಷಿಣಕ್ಕಿರುವ ಜಿಯಾಂಗ್‌ನಾನ್ ಸೀಮೆಯ ಬಿಳಿ ಗೋಡೆ, ಕಪ್ಪು ಹೆಂಚಿನ ಮನೆಗಳನ್ನು ಬರೆಯುವಾಗ ಗೋಡೆಯನ್ನು ಅವರು ಬರೆಯುತ್ತಲೇ ಇರಲಿಲ್ಲ, ಕಾಗದವನ್ನು ಹಾಗೆಯೇ ಬಿಡುತ್ತಿದ್ದರು. ಮಾಡಿನ ಒಂದು ಅಡ್ಡ ಪಟ್ಟಿ, ಬಾಗಿಲಿನ ಒಂದು ಕಪ್ಪು ಚೌಕ, ಅಷ್ಟರಲ್ಲೇ ಗೋಡೆ ಎದ್ದು ಬರುತ್ತದೆ. ಹಾಂಗ್‌ಕಾಂಗಿನ ವೂಶಸ್ ವಾಂಗ್ ಅವರದು ಇನ್ನೊಂದು ಕೊನೆ. ನಗರದ ಚೌಕಗಳನ್ನೇ ಚಿತ್ರದ ಹಂದರವಾಗಿ ತಗೊಂಡು, ಬೆಳಕೂ ಕತ್ತಲೂ ಅದರೊಳಗೆ ಹರಿಯುವಂತೆ ಅವರು ಮಾಡುತ್ತಾರೆ.

ನಾನು ಕಂಡುಕೊಂಡ ದಾರಿ ಹೀಗಿದೆ. ಎದುರಿನ ಕಟ್ಟಡವನ್ನು ಬೇರೆಬೇರೆ ಹೊತ್ತಿನಲ್ಲಿ ನಿಂತು ನೋಡಿದಾಗ ಕಣ್ಣಿಗೆ ನಿಜವಾಗಿ ತಾಕುವುದು ಕಿಟಕಿಯಲ್ಲ, ಕಿಟಕಿಯ ಮೇಲಿನ ಸಣ್ಣ ಚಾಚಿನ ಕೆಳಗೆ ಬೀಳುವ ನೆರಳು ಎಂಬುದು ತಿಳಿಯಿತು. ಬಿಸಿಲಿನಲ್ಲಿ ಅದು ಗಾಢವಾದ ಅಡ್ಡ ಗೀಟು, ಮೋಡವಿದ್ದಾಗ ಬರೀ ಒಂದು ಬೂದು ಎಳೆ. ಹಾಗಾಗಿ ಕಿಟಕಿಗಳನ್ನು ಬಿಟ್ಟು ನೆರಳುಗಳನ್ನು ಬರೆದೆ: ಒಣಗುತ್ತ ಬಂದ ಕುಂಚದ ಹೊಟ್ಟೆಯನ್ನು ಅಡ್ಡಕ್ಕೆ ಒತ್ತಿ ಎತ್ತುವ ಚಿಕ್ಕ ಹೊಡೆತ, ಕುಂಚಕ್ಕೆ ಮತ್ತೆ ಮಸಿ ತುಂಬಿಸದೆ ಅದು ತೀರುವವರೆಗೂ ಒಂದರ ಪಕ್ಕ ಒಂದು. ಬಲಗಡೆ ಆರಂಭದಲ್ಲಿ ಗಾಢವಾಗಿದ್ದ ಸಾಲು ಎಡಕ್ಕೆ ಸಾಗಿದಂತೆ ತಾನಾಗಿಯೇ ಮಸುಕಾಗಿ ಮಬ್ಬಿಗೆ ಸೇರಿಹೋಗುತ್ತದೆ. ಬಲ ಮೇಲ್ಗಡೆಯ ಮೂರ್ನಾಲ್ಕು ಕಿಟಕಿಗಳಿಗೆ ಮಾತ್ರ ಸರಳು, ಅರ್ಧ ತೆರೆದ ಗಾಜು, ಒಳಗಿನ ಕತ್ತಲು ಎಲ್ಲವನ್ನೂ ಕೊಟ್ಟೆ. ಅವನ್ನು ನೋಡಿದ ಕಣ್ಣು ಉಳಿದವನ್ನು ತಾನೇ ಬರೆದುಕೊಳ್ಳುತ್ತದೆ.

ದೀಪಗಳದು ಇದಕ್ಕಿಂತ ಕಠಿಣವಾದ ಲೆಕ್ಕ. ಎಣ್ಣೆವರ್ಣದಲ್ಲಿ ಕೊನೆಗೆ ಹಳದಿ ಚುಕ್ಕೆ ಇಟ್ಟರೆ ದೀಪ ಹೊತ್ತಿಕೊಳ್ಳುತ್ತದೆ. ಮಸಿಯಲ್ಲಿ ಬೆಳಕೆಂದರೆ ಕಾಗದವೇ. ಅದನ್ನು ನಂತರ ತಂದಿಡಲಾಗದು, ಮೊದಲ ಹೊಡೆತಕ್ಕೂ ಮುಂಚೆ ಎಲ್ಲಿ ಬಿಡಬೇಕೆಂದು ಗೊತ್ತಿರಬೇಕು. ಸಂಜೆ ಏಳರ ಹೊತ್ತಿಗೆ ಅಡುಗೆಮನೆಗಳಲ್ಲಿ ಒಂದೊಂದಾಗಿ ಹತ್ತುವ ಟ್ಯೂಬ್‌ಲೈಟುಗಳಲ್ಲಿ ಯಾವುವನ್ನು ಉಳಿಸಿಕೊಳ್ಳುವುದು ಎಂದು ಸಣ್ಣ ಹಾಳೆಗಳಲ್ಲಿ ಗುರುತು ಮಾಡಿಕೊಂಡು, ದೊಡ್ಡ ಹಾಳೆಯ ಮೇಲೆ ಇದ್ದಿಲಿನ ತುದಿಯಿಂದ ಕಂಡೂ ಕಾಣದಂತೆ ಚುಕ್ಕೆಯಿಟ್ಟು, ಅವುಗಳ ಸುತ್ತ ಮಸಿಯನ್ನು ಸಾಗಿಸಿದೆ. ಇದ್ದಿಲಿನ ಗುರುತು ಆಮೇಲೆ ಗರಿಯಿಂದ ಒರೆಸಿದರೆ ಹೋಗುತ್ತದೆ.

ಅಂತಿಮ ಹಾಳೆಯನ್ನು ಬರೆಯುವಾಗ ಮೊದಲು ಬಂದದ್ದು ಕೆಳಗಿನ ಮಳೆಮರಗಳು. ಅವುಗಳ ಕೊಡೆಯಾಕಾರ ಕೆಳಗಿನ ಎರಡು ಅಂತಸ್ತುಗಳನ್ನು ಮರೆಮಾಡುತ್ತದೆ. ನಗರವನ್ನು ಬರೆಯುವವರಿಗೆ ಸಿಂಗಪುರದ ತೋಟಗಾರರು ಮಾಡಿರುವ ಉಪಕಾರ ಸಣ್ಣದಲ್ಲ. ತೆಳು ಮಸಿ ಇನ್ನೂ ಹಸಿಯಾಗಿರುವಾಗಲೇ ಗಾಢವಾದುದನ್ನು ಅದರೊಳಗೆ ಬಿಟ್ಟು, ಎಲೆಗುಂಪುಗಳು ತಾವಾಗಿ ಒಡೆದುಕೊಳ್ಳಲು ಬಿಟ್ಟೆ. ಗೋಡೆಗೆ ಇದರ ವಿರುದ್ಧವಾದ ಕ್ರಮ: ತೆಳು ಲೇಪ, ಪೂರ್ತಿ ಒಣಗುವಿಕೆ, ಮತ್ತೆ ತೆಳು ಲೇಪ. ಹದಿನೇಳನೆಯ ಶತಮಾನದಲ್ಲಿ ನಾನ್‌ಜಿಂಗ್‌ನ ಗೋಂಗ್ ಶಿಯೆನ್ ಬೆಟ್ಟಗಳನ್ನು ಹೀಗೆ ಪದರ ಪದರವಾಗಿ ಕಟ್ಟಿದ್ದಾನೆ. ಪೈಪಿನ ಪಕ್ಕದಲ್ಲಿ ಇಳಿದ ತೇವದ ಜಾಡು, ಚಾಚುಗಳ ಕೆಳಗಿನ ಪಾವಸೆ ಎಲ್ಲವೂ ಈ ಪದರಗಳಲ್ಲಿ ಮೂಡಿದವು. ಹವೆಯಲ್ಲಿ ಸದಾ ತೇವ ತುಂಬಿರುವ ಈ ಊರಿನಲ್ಲಿ ಪದರಗಳು ಬಹಳ ನಿಧಾನವಾಗಿ ಒಣಗುತ್ತವೆ, ಎಸಿ ಹಾಕಿದರೆ ತೀರಾ ಬೇಗ ಒಣಗಿ ಅಂಚುಗಟ್ಟುತ್ತವೆ. ಕೊನೆಗೆ ಫ್ಯಾನನ್ನು ಗೋಡೆಯತ್ತ ತಿರುಗಿಸಿಟ್ಟು ಕೆಲಸ ಮಾಡುವುದು ರೂಢಿಯಾಯಿತು. ಹಸಿಯಾಗಿದ್ದಾಗ ಕಂಡ ಕಪ್ಪು ಒಣಗಿದ ಮೇಲೆ ಗಣನೀಯವಾಗಿ ತಿಳಿಯಾಗುವುದರಿಂದ, ಯಾವ ಪದರವನ್ನೂ ಆ ಕ್ಷಣದಲ್ಲಿ ನೋಡಿ ಅಳೆಯುವಂತಿಲ್ಲ.

ಬಣ್ಣ ಬಳಸಿದ್ದು ಬಟ್ಟೆಗಳಿಗೆ ಮಾತ್ರ, ಅದೂ ಕಾವಿ ಮತ್ತು ನೀಲಿ ಎರಡೇ, ಬಹಳ ತೆಳುವಾಗಿ. ಗಳುಗಳನ್ನು ಒಂದೇ ಎಳೆತದಲ್ಲಿ ಬರೆದೆ. ಬಿದಿರು ಬರೆದು ಪಳಗಿದ ಕೈಗೆ ಇಡೀ ಕಟ್ಟಡದಲ್ಲಿ ಪರಿಚಯದ ವಸ್ತುವೆಂದು ಸಿಕ್ಕಿದ್ದು ಅದೊಂದೇ.

ಚಿತ್ರದ ಮೇಲೆ ಒಂದೆರಡು ಸಾಲು ಬರೆದು ಮುದ್ರೆ ಒತ್ತುವುದು ಪದ್ಧತಿ. ನನ್ನ ಚೀನೀ ಅಕ್ಷರ ಅಂಗಡಿಯ ಬೋರ್ಡು ಓದುವಷ್ಟರದು. ತರಗತಿಯ ಹಿರಿಯರೊಬ್ಬರು ಬರೆದುಕೊಡಲು ಮುಂದೆ ಬಂದರೂ ಲಾವ್‌ಶಿ ಒಪ್ಪಲಿಲ್ಲ. ನಿಮ್ಮ ಲಿಪಿಯಲ್ಲೇ ಬರೆಯಿರಿ ಎಂದರು. ಕನ್ನಡ ಮೇಲಿಂದ ಕೆಳಗೆ ಇಳಿಯುವ ಲಿಪಿಯಲ್ಲ. ಒತ್ತಕ್ಷರಗಳು ಕೆಳಗಿನ ಅಕ್ಷರದ ತಲೆಗೆ ಬಡಿಯುತ್ತವೆ. ಆದ್ದರಿಂದ ಊರು, ಋತು, ವರ್ಷ ಇಷ್ಟನ್ನೇ ಅಡ್ಡವಾಗಿ, ಚಿಕ್ಕದಾಗಿ, ಎಡ ಮೇಲ್ಗಡೆಯ ಮಬ್ಬಿನಲ್ಲಿ ಬರೆದೆ. ತುದಿಯನ್ನು ಗೆರೆಯ ನಡುವೆ ಇಟ್ಟು ಸಾಗಿಸುವ ಕುಂಚಕ್ಕೆ ನಮ್ಮ ಅಕ್ಷರಗಳ ದುಂಡಗಿನ ತಿರುವುಗಳು ಚೆನ್ನಾಗಿ ಒಗ್ಗಿದವು. ತಲೆಕಟ್ಟುಗಳಲ್ಲಿ ಮಾತ್ರ ಕೈ ತಡವರಿಸಿತು. ಮೆದು ಕಲ್ಲಿನಲ್ಲಿ ಹೆಸರಿನ ಮೊದಲ ಅಕ್ಷರವನ್ನು ಕೆತ್ತಿಸಿದ್ದ ಮುದ್ರೆಯನ್ನು ಕೆಂಪು ಲೇಪದಲ್ಲಿ ಅದ್ದಿ ಒತ್ತಿದ್ದು ಕೊನೆಯ ಕೆಲಸ.

ಕಚ್ಚಾ ಕಾಗದದ ಚಿತ್ರ ಮುಗಿದಾಗ ಸುಕ್ಕುಸುಕ್ಕಾಗಿ, ಮಂಕಾಗಿ ಇರುತ್ತದೆ. ಮಸಿ ಗಟ್ಟಿಯಾಗಲು ಕೆಲವು ದಿನ ಬಿಟ್ಟು ಅದನ್ನು ಬೆನ್ನುಕಾಗದ ಹಚ್ಚುವವರ ಹತ್ತಿರ ಒಯ್ದೆ. ಅವರು ಚಿತ್ರವನ್ನು ಮಗುಚಿ ಹಾಸಿ, ನೀರು ಚಿಮುಕಿಸಿ, ಗೋಧಿ ಪಿಷ್ಟದ ತೆಳು ಅಂಟನ್ನು ನಡುವಿನಿಂದ ಅಂಚಿನತ್ತ ಸವರುವುದನ್ನು ಪಕ್ಕದಲ್ಲೇ ನಿಂತು ನೋಡಿದೆ. ಒದ್ದೆ ಕಾಗದದಲ್ಲಿ ಇಡೀ ಕಟ್ಟಡ ಹಿಂದುಮುಂದಾಗಿ, ಪಾರದರ್ಶಕವಾಗಿ ಕಾಣುತ್ತಿತ್ತು. ಹಿಂಬದಿಗೆ ಇನ್ನೊಂದು ಕಾಗದ ಹೊರಿಸಿ, ತಾಳೆನಾರಿನ ಬ್ರಷ್‌ನಿಂದ ಗಾಳಿಯನ್ನೆಲ್ಲ ಒತ್ತಿ ತೆಗೆದು, ನಾಲ್ಕೂ ಅಂಚುಗಳನ್ನು ಹಲಗೆಗೆ ಅಂಟಿಸಿ ಬಿಟ್ಟರು. ಒಣಗುತ್ತ ಕಾಗದ ತಾನೇ ಬಿಗಿದುಕೊಳ್ಳುತ್ತದೆ. ವಾಪಸು ಸಿಕ್ಕಾಗ ಸುಕ್ಕುಗಳು ಮಾಯವಾಗಿದ್ದವು. ಪೈನ್ ಮಸಿಯ ಮಬ್ಬು ನಾನು ಕೈಯಾರೆ ಹಾಕಿದ್ದಕ್ಕಿಂತ ಆಳವಾಗಿ ತೋರಿತು.

ಲಾವ್‌ಶಿ ಬಹಳ ಹೊತ್ತು ನೋಡಿ, ಮೇಲಿನ ಅರ್ಧ ಚಿತ್ರ, ಕೆಳಗಿನ ಕಂಬಗಳು ಇನ್ನೂ ನಕ್ಷೆ ಎಂದರು. ಕಂಬಗಳ ವಿಷಯದಲ್ಲಿ ನನ್ನ ಅಭಿಪ್ರಾಯ ಬೇರೆ. ಹನ್ನೆರಡು ಅಂತಸ್ತಿನ ಭಾರವನ್ನು ಹೊತ್ತು ನಿಂತದ್ದನ್ನು ಮಬ್ಬಿನಲ್ಲಿ ತೇಲಿಸಲು ನನಗೆ ಮನಸ್ಸು ಬರಲಿಲ್ಲ, ಈಗಲೂ ಬರುವುದಿಲ್ಲ. ಮುಂದಿನದು ಅಡ್ಡ ಸುರುಳಿ: ಅಂಗ್ ಮೊ ಕಿಯೊ ಬಳಿ ಎತ್ತರದ ಕಂಬಗಳ ಮೇಲೆ ಕಟ್ಟಡಗಳ ನಡುವೆ ಹಾದುಹೋಗುವ ರೈಲುದಾರಿ. ಅಲ್ಲಿ ಗೆರೆ ಕಡಿದರೆ ದಾರಿಯೇ ಕಡಿದಂತೆ. ಅದಕ್ಕಾಗಿ ಜಿಯೆಹುವಾದ ಪಟ್ಟಿಯನ್ನೂ ಕಡ್ಡಿಯನ್ನೂ ತರಿಸಿಟ್ಟಿದ್ದೇನೆ. ಲಾವ್‌ಶಿ ಅವನ್ನು ನೋಡಿದ್ದಾರೆ, ಬಳಸಬಹುದೆಂದೂ ಹೇಳಿಲ್ಲ, ಬೇಡವೆಂದೂ ಹೇಳಿಲ್ಲ.